ಬೆಲ್ಟ್ ಹಾಕುವ ಮೊದಲು ಪುಲ್ಲಿ ತಿರುಗಿಸಿ ನೋಡಿ

ಹುಟ್ಟಿ ಬೆಳೆದದ್ದು ಬೆಳಗಾವಿಯ ಅನಗೋಳ. ಹೊಟ್ಟೆಪಾಡಿಗೆ ಬಂದು ನೆಲೆಸಿದ್ದು ಅಮೆರಿಕದ ಮಿಶಿಗನ್. ಎರಡೂ ಮನೆಯಲ್ಲಿ ಹಳೇ ವ್ಯಾನ್ ಇದೆ. ಇಲ್ಲಿ ನನ್ನದು, ಅಲ್ಲಿ ನಮ್ಮ ಕಾಕಾನ ಮಾರುತಿ ಓಮ್ನಿ. ಎರಡರ ಇಂಜಿನ್ ಬೆಲ್ಟೂ ಸವೆಯುತ್ತದೆ, ಎರಡೂ ಚಳಿಗೋ ಮಳೆಗೋ ಕಿರುಚುತ್ತವೆ. ಆದರೆ ಇಲ್ಲಿಯವರು ಬೆಲ್ಟ್ ಬದಲಿಸುವುದನ್ನು ಮನೆಕೆಲಸ ಅಂದುಕೊಂಡಿದ್ದಾರೆ. ನಮ್ಮೂರಲ್ಲಿ ಅದು ಏನಿದ್ದರೂ ಮಿಸ್ತ್ರಿ, ಅಂದರೆ ಮೆಕ್ಯಾನಿಕ್ ಕೆಲಸ. ನನಗೆ ಅನಿಸುವುದು ಇಷ್ಟು: ಕೈ ನಮ್ಮದೇ ಇರಲಿ, ಆದರೆ ನೋಡುವ ರೀತಿ ಬೆಳಗಾವಿ ಮಿಸ್ತ್ರಿಯದು ಇರಲಿ.

ಇಲ್ಲಿ ಗ್ಯಾರೇಜಿನ ಕೂಲಿ ಗಂಟೆ ಲೆಕ್ಕ. ಎಷ್ಟೋ ಸಲ ಬೆಲ್ಟಿಗಿಂತ ಕೂಲಿಯೇ ಜಾಸ್ತಿ. ಹಾಗಾಗಿ ಶನಿವಾರ ಬಂದರೆ ಮನೆ ಮುಂದೆಯೇ ಬಾನೆಟ್ ಎತ್ತುತ್ತಾರೆ. ಬಿಡಿಭಾಗದ ದೊಡ್ಡ ಅಂಗಡಿಗಳು ಠೇವಣಿ ಇಟ್ಟುಕೊಂಡು ಪಾನಾ, ಪುಲ್ಲರ್ ಎಲ್ಲ ಕೊಡುತ್ತವೆ. ವಾಪಸ್ ಕೊಟ್ಟರೆ ಠೇವಣಿಯೂ ವಾಪಸ್. ನನ್ನ ವ್ಯಾನಿನಲ್ಲಿರುವುದು ಒಂದೇ ಉದ್ದನೆ ಗೀರು ಬೆಲ್ಟ್, ಒಳಮೈಯಲ್ಲಿ ಉದ್ದಕ್ಕೂ ಗೀರುಗಳಿರುವುದು. ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ (ನಮ್ಮೂರಲ್ಲಿ ಡೈನಮೊ ಅನ್ನುತ್ತಾರೆ), ಎಸಿ, ಪವರ್ ಸ್ಟೀರಿಂಗ್ ಎಲ್ಲವನ್ನೂ ಅದೇ ತಿರುಗಿಸುತ್ತದೆ. ಬೆಲ್ಟ್ ಯಾವ ಪುಲ್ಲಿಯ (ಅದು ಓಡುವ ಚಕ್ರದ) ಮೇಲೆ ಹೇಗೆ ಹಾಯಬೇಕು ಅನ್ನುವ ಚಿತ್ರ ಬಾನೆಟ್ ಕೆಳಗೇ ಅಂಟಿಸಿರುತ್ತಾರೆ. ಬೆಲ್ಟನ್ನು ಬಿಗಿಯಾಗಿ ಹಿಡಿಯುವ, ಸ್ಪ್ರಿಂಗ್ ಇರುವ ಟೆನ್ಷನರಿಗೆ ಉದ್ದ ಪಾನಾ ಹಾಕಿ ಎಳೆದರೆ ಬೆಲ್ಟ್ ಸಡಿಲಾಗುತ್ತದೆ. ಹಳೇದು ತೆಗೆದು ಹೊಸದು ಹಾಕುವುದು. ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪಿನಿಂದ ಬೋಲ್ಟ್ ತುಕ್ಕು ಹಿಡಿಯದಿದ್ದರೆ ಕೆಲಸ ಬೇಗ ಮುಗಿಯುತ್ತದೆ.

ಈ ಧೈರ್ಯ ನನಗೆ ತುಂಬಾ ಇಷ್ಟ. ಆದರೆ ಇಲ್ಲಿ ಸುಮಾರು ಜನ ಅಷ್ಟಕ್ಕೇ ನಿಲ್ಲಿಸಿಬಿಡುತ್ತಾರೆ. ಬೆಲ್ಟ್ ಯಾಕೆ ಸವೆಯಿತು ಅಂತ ಕೇಳುವುದಿಲ್ಲ. ಸ್ವಲ್ಪ ದಿನಕ್ಕೆ ಹೊಸ ಬೆಲ್ಟೂ ಕಿರುಚುತ್ತದೆ. ಆಗ ಮತ್ತೊಂದು ಬೆಲ್ಟ್ ತರುತ್ತಾರೆ.

ಬೆಳಗಾವಿಯ ಉದ್ಯಮಬಾಗದ ಹತ್ತಿರ ಕಾಕಾ ಓಮ್ನಿ ಒಯ್ಯುವ ಮಿಸ್ತ್ರಿ ಒಬ್ಬರಿದ್ದಾರೆ. ಹಿಂದಿನ ಸಲ ಊರಿಗೆ ಹೋದಾಗ ನಾನೂ ಜೊತೆಗೆ ಹೋಗಿದ್ದೆ. ಬೆಲ್ಟ್ ಬಿಚ್ಚಿದ ಮೇಲೆ ಅವರು ಹೊಸದಕ್ಕೆ ಕೈ ಹಾಕಲೇ ಇಲ್ಲ. ಹಳೇದನ್ನು ಬೆರಳ ನಡುವೆ ಹಿಡಿದು ಪೂರ್ತಿ ಒಂದು ಸುತ್ತು ಎಳೆದು ನೋಡಿದರು. ಒಂದೇ ಅಂಚು ನೂಲು ಬಿಟ್ಟಿದ್ದರೆ ಪುಲ್ಲಿ ಸಾಲು ತಪ್ಪಿದೆ. ಬದಿ ಗಾಜಿನ ಹಾಗೆ ಹೊಳೆಯುತ್ತಿದ್ದರೆ ಬೆಲ್ಟ್ ಜಾರಿ ಸುಟ್ಟಿದೆ. ರಬ್ಬರ್ ಉಬ್ಬಿ ಮೆತ್ತಗಾಗಿದ್ದರೆ ಎಲ್ಲೋ ಆಯಿಲ್ ಸೋರುತ್ತಿದೆ. ಆಮೇಲೆ ಪುಲ್ಲಿಗಳನ್ನು ಒಂದೊಂದಾಗಿ ಕೈಯಿಂದ ತಿರುಗಿಸಿದರು, ಹಿಂದೆ ಮುಂದೆ ಅಲುಗಾಡಿಸಿದರು. ವಾಟರ್ ಪಂಪಿನ ಪುಲ್ಲಿ ಹತ್ತಿರ ಬಂದಾಗ ನನ್ನ ಕೈ ಹಿಡಿದು ಅದರ ಮೇಲೆ ಇಟ್ಟರು. "ಗರಗರ ಅಂತದ ಹೌದಿಲ್ರಿ? ಬೇರಿಂಗ್ ಹೋಗೇದ. ಬೆಲ್ಟ್ ಎಷ್ಟ್ ಹಾಕಿದ್ರೂ ಹರಕೊಂಡ ಹೋಗ್ತದ ನೋಡ್ರಿ." ಬೆರಳಿಗೆ ಮರಳು ಉಜ್ಜಿದ ಹಾಗೆ ಅನಿಸಿತು. ಈಗ ಇಲ್ಲಿಯೂ ಬೆಲ್ಟ್ ತೆಗೆದಾಗ ನಾನು ಮೊದಲು ಮಾಡುವುದು ಅದನ್ನೇ.

ಹಾಗಂತ ನಮ್ಮೂರ ರೀತಿ ಎಲ್ಲ ಸರಿ ಅನ್ನಲಾರೆ. ಬೆಲ್ಟ್ ಹರಿಯುವ ತನಕ ಕಾಯುತ್ತೇವಲ್ಲ, ಅದು ನನಗೆ ಸಹಿಸಲಾಗದ ವಿಷಯ. ಜೂನ್ ಮಳೆ ಹಿಡಿದರೆ ಬೆಳಗಾವಿಯ ಓಣಿ ಓಣಿಯಲ್ಲಿ ಬೆಳಿಗ್ಗೆ ಗಾಡಿಗಳ ಕಿರುಚಾಟ ಕೇಳುತ್ತದೆ. ಕೆಲವರು ಬೆಲ್ಟಿಗೆ ಸೋಪು ಹಚ್ಚುತ್ತಾರೆ. ಕೆಲವರು ಸುಮ್ನೆ ಇನ್ನಷ್ಟು ಬಿಗಿ ಮಾಡುತ್ತಾರೆ. ಸೋಪು ಸದ್ದನ್ನು ಅಡಗಿಸುತ್ತದೆ ಅಷ್ಟೇ. ಅತಿಯಾಗಿ ಬಿಗಿ ಮಾಡಿದರೆ ಡೈನಮೊ, ವಾಟರ್ ಪಂಪ್ ಎರಡರ ಬೇರಿಂಗೂ ಹಾಳು. ಕೊನೆಗೆ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಗೋವಾಕ್ಕೆ ಹೊರಟಾಗ ಚೋರ್ಲಾ ಘಾಟಿನಲ್ಲಿ ಬೆಲ್ಟ್ ಹರಿಯುತ್ತದೆ. ಬ್ಯಾಟರಿ ದೀಪ ಹತ್ತುತ್ತದೆ, ನೀರು ತಿರುಗುವುದು ನಿಂತು ಬಿಸಿಯ ಮುಳ್ಳು ಮೇಲಕ್ಕೇರುತ್ತದೆ. ಅಲ್ಲಿಗೇ ಇಂಜಿನ್ ಆಫ್ ಮಾಡಬೇಕು. ಸ್ವಲ್ಪ ದೂರ ಅಲ್ವಾ ಅಂತ ಓಡಿಸಿದರೆ ಬಿಸಿಗೆ ಇಂಜಿನ್ನಿನ ಹೆಡ್, ಅಂದರೆ ಮೇಲಿನ ಭಾಗ, ಬಾಗುತ್ತದೆ. ಸಣ್ಣ ಬೆಲ್ಟಿನ ಖರ್ಚು ಇಂಜಿನ್ ಕೆಲಸದ ಖರ್ಚಾಗುತ್ತದೆ.

ಓಮ್ನಿಯದು ನಿಜವಾಗಿ ನನ್ನ ವ್ಯಾನಿಗಿಂತ ಸುಲಭದ ಕೆಲಸ. 1984ರಲ್ಲಿ ಮಾರುತಿ ವ್ಯಾನ್ ಅಂತ ಬಂದ ಗಾಡಿ ಅದು. 2019ರಲ್ಲಿ ನಿಂತಿತು, ಆದರೆ ನಮ್ಮ ಭಾಗದಲ್ಲಿ ಈಗಲೂ ಓಡುತ್ತಿವೆ. ಮುಂದಿನ ಸೀಟು ಎತ್ತಿದರೆ 796 ಸಿಸಿ ಇಂಜಿನ್ ಕಾಣುತ್ತದೆ. ಕೆಲವು ಬೋಲ್ಟಿಗೆ ಕೆಳಗಿನಿಂದ ಕೈ ಹಾಕಬೇಕು. ಜನ ಫ್ಯಾನ್ ಬೆಲ್ಟ್ ಅನ್ನುವ ಬೆಲ್ಟ್ ಅಲ್ಲಿ ತಿರುಗಿಸುವುದು ಡೈನಮೊ ಮತ್ತು ವಾಟರ್ ಪಂಪನ್ನು. ರೇಡಿಯೇಟರ್ ಫ್ಯಾನು ಕರೆಂಟಿನದು.

ಇಂಜಿನ್ ಪೂರ್ತಿ ತಣ್ಣಗಾಗಿರಲಿ, ಕೀ ಜೇಬಿನಲ್ಲಿರಲಿ. ಬ್ಯಾಟರಿಯ ಮೈನಸ್ ತಂತಿ ಬಿಚ್ಚಲೇಬೇಕು. ಡೈನಮೊದ ದಪ್ಪ ತಂತಿಯಲ್ಲಿ ಸದಾ ಕರೆಂಟ್ ಇರುತ್ತದೆ, ಪಾನಾ ತಗುಲಿದರೆ ಕಿಡಿ ಹಾರುತ್ತದೆ. ಗಾಡಿ ಎತ್ತಿದ್ದರೆ ಬರೀ ಜಾಕ್ ನಂಬಿ ಕೆಳಗೆ ಹೋಗಬೇಡಿ, ಸ್ಟ್ಯಾಂಡ್ ಕೊಡಿ. ಡೈನಮೊ ಹಿಡಿದಿರುವ ಬೋಲ್ಟುಗಳನ್ನು ಸಡಿಲಿಸಿ ಇಂಜಿನ್ ಕಡೆ ದೂಡಿದರೆ ಬೆಲ್ಟ್ ಕೈಗೆ ಬರುತ್ತದೆ. ಸ್ಕ್ರೂ ಡ್ರೈವರ್ ಹಾಕಿ ಮೀಟಿ ಏರಿಸುವುದನ್ನು ಎಷ್ಟೋ ಕಡೆ ನೋಡಿದ್ದೇನೆ. ದಯವಿಟ್ಟು ಬೇಡ. ಒಳಗಿನ ನೂಲು ಕಡಿಯುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ಹೊಸದರ ನಂಬರು, ಉದ್ದ, ಅಗಲ ಹಳೇದರ ಪಕ್ಕ ಇಟ್ಟು ನೋಡಿ. ಓಮ್ನಿಯ ಈ 'ವಿ' ಆಕಾರದ ಬೆಲ್ಟ್ ಪುಲ್ಲಿಯ ಎರಡು ಗೋಡೆಯನ್ನು ಹಿಡಿಯಬೇಕು. ತಳಕ್ಕೆ ತಾಗಿದರೆ ಜಾರುತ್ತದೆ. ಬಿಗಿ ಮಾಡಿದ ಮೇಲೆ ನಡುವೆ ಹೆಬ್ಬೆರಳಿಂದ ಗಟ್ಟಿಯಾಗಿ ಒತ್ತಿ. ಸಾಮಾನ್ಯವಾಗಿ 10 ಮಿಲಿಮೀಟರಿನಷ್ಟು ತಗ್ಗಬೇಕು, ಸರಿಯಾದ ಅಳತೆ ಗಾಡಿಯ ಪುಸ್ತಕದಲ್ಲಿ ಇರುತ್ತದೆ. ಸ್ವಲ್ಪ ಓಡಿಸಿದ ಮೇಲೆ ಮತ್ತೆ ನೋಡಲೇಬೇಕು. ಹೊಸ ಬೆಲ್ಟ್ ಕೂತುಕೊಂಡು ಸಡಿಲಾಗುತ್ತದೆ.

ಗೀರು ಬೆಲ್ಟ್ ಇರುವ ಗಾಡಿಯವರಿಗೆ ಒಂದು ಮಾತು. ಹಳೇ ರಬ್ಬರಿನವು ಬಿರುಕು ಬಿಟ್ಟು ಹೇಳಿಬಿಡುತ್ತಿದ್ದವು. ಈಗಿನ ಇಪಿಡಿಎಂ ಅನ್ನುವ ಕೃತಕ ರಬ್ಬರಿನವು ಬಿರುಕು ಬಿಡದೆಯೇ ಸವೆಯುತ್ತವೆ. ಗೀರಿನ ಆಳ ನೋಡಬೇಕು. ಕಿರುಚುವಾಗ ದೂರದಿಂದ ಸ್ವಲ್ಪ ನೀರು ಚಿಮುಕಿಸಿ, ಕೈ ಮಾತ್ರ ಹತ್ತಿರ ಒಯ್ಯಬೇಡಿ. ಸದ್ದು ಜಾಸ್ತಿಯಾದರೆ ಬಿಗಿ ಸಾಲದು. ಸದ್ದು ನಿಂತು ಮತ್ತೆ ಶುರುವಾದರೆ ಪುಲ್ಲಿ ಸಾಲು ತಪ್ಪಿರುತ್ತದೆ.

ಹೀಗೆ ಎಲ್ಲರೂ ಮನೆಯಲ್ಲೇ ಮಾಡಿಕೊಂಡರೆ ಮಿಸ್ತ್ರಿಯ ಹೊಟ್ಟೆಯ ಮೇಲೆ ಹೊಡೆದ ಹಾಗಲ್ವಾ ಅಂತ ಕಾಕಾ ಕೇಳಿದ್ದರು. ನನಗೆ ಹಾಗೆ ಅನಿಸುವುದಿಲ್ಲ. ಬೇರಿಂಗ್, ವಾಟರ್ ಪಂಪ್ ಕೆಲಸ ಅವರದೇ. ಇಂಜಿನ್ನಿನ ವಾಲ್ವುಗಳ ಸಮಯ ಹೊಂದಿಸುವ, ಹಲ್ಲಿರುವ ಟೈಮಿಂಗ್ ಬೆಲ್ಟಂತೂ ಅವರಿಗೇ ಬಿಡಬೇಕು. ಅದರ ಗುರುತು ಒಂದು ಹಲ್ಲು ತಪ್ಪಿದರೂ ಇಂಜಿನ್ ಸರಿಯಾಗಿ ನಡೆಯುವುದಿಲ್ಲ, ಕೆಲವು ಇಂಜಿನ್‌ಗಳಲ್ಲಿ ವಾಲ್ವೇ ಬಾಗುತ್ತದೆ. ಅಂಥ ಕೆಲಸಕ್ಕೆ ಹೋದಾಗ ಗಾಡಿ ಬಿಟ್ಟು ಚಹಾಕ್ಕೆ ಹೋಗಬೇಡಿ, ಅಲ್ಲೇ ನಿಂತು ನೋಡಿ. ಇಲ್ಲಿಯ ಗ್ಯಾರೇಜುಗಳಲ್ಲಿ ಗಿರಾಕಿಯನ್ನು ಸಾಮಾನ್ಯವಾಗಿ ಒಳಗೇ ಬಿಡುವುದಿಲ್ಲ. ಹೊರಗೆ ಕುರ್ಚಿ ಹಾಕಿ ಕೂರಿಸುತ್ತಾರೆ, ಬಿಲ್ ಕೈಗೆ ಕೊಟ್ಟಾಗ ಏನು ಹೋಗಿತ್ತು ಅಂತ ಗೊತ್ತಾಗುವುದು. ಉದ್ಯಮಬಾಗದಲ್ಲಿ ಮಿಸ್ತ್ರಿಯೇ ಕರೆದು ತೋರಿಸುತ್ತಾರೆ, ಕೇಳಿದ್ದಕ್ಕೆಲ್ಲ ಹೇಳುತ್ತಾರೆ.