ಸ್ಪಷ್ಟನೆ: ಕೋಲಾರದ ಕೆಜಿಎಫ್ ಚಿನ್ನದ ಗಣಿ ಮುಚ್ಚಿದ್ದು 1947ರಲ್ಲಿ ಅಲ್ಲ

‘ಬ್ರಿಟಿಷರು ಚಿನ್ನವೆಲ್ಲ ಬಾಚಿಕೊಂಡು 1947ರಲ್ಲಿ ಕೆಜಿಎಫ್ ಗಣಿ ಮುಚ್ಚಿದರು, ಈಗ ಪ್ರವಾಸಿಗರನ್ನು ಲಿಫ್ಟಿನಲ್ಲಿ ಗಣಿಯೊಳಗೆ ಇಳಿಸುತ್ತಾರೆ’ ಎಂಬ ಮೆಸೇಜ್ ಮಂಗಳೂರಿನ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಎರಡೂ ತಪ್ಪು.

1880ರಲ್ಲಿ ಕೆಲಸ ಶುರು ಮಾಡಿದ್ದು ಬ್ರಿಟಿಷರ ಜಾನ್ ಟೇಲರ್ ಕಂಪನಿ, ನಿಜ. ಆದರೆ 1956ರಲ್ಲಿ ಮೈಸೂರು ಸರ್ಕಾರ ಗಣಿಯನ್ನು ವಹಿಸಿಕೊಂಡಿತು. ಆಮೇಲೆ ಕೇಂದ್ರದ ಕೈಗೆ ಹೋಯಿತು. ಕೇಂದ್ರದ ಕಂಪನಿ ಭಾರತ್ ಗೋಲ್ಡ್ ಮೈನ್ಸ್ ಅದನ್ನು ಮುಚ್ಚಿದ್ದು 2001ರ ಫೆಬ್ರವರಿ ಕೊನೆಗೆ; ಕೇಂದ್ರ ಗಣಿ ಸಚಿವಾಲಯದ ದಾಖಲೆಯಲ್ಲೇ ಇದು ಇದೆ. ಚಿನ್ನ ಪೂರ್ತಿ ಮುಗಿದಿರಲಿಲ್ಲ, 3 ಕಿಲೋಮೀಟರಿನಷ್ಟು ಆಳದಿಂದ ಅದಿರು ತೆಗೆಯುವ ಖರ್ಚು ಜಾಸ್ತಿಯಾಗಿತ್ತು. ಸ್ವಾತಂತ್ರ್ಯದ ನಂತರ ಅರ್ಧ ಶತಮಾನ ಅಲ್ಲಿ ದುಡಿದವರ ಲೆಕ್ಕವೇ ಈ ಮೆಸೇಜಿನಲ್ಲಿಲ್ಲ. ನನಗೆ ನೋವಾಗಿದ್ದು ಅದಕ್ಕೇ.

ಸುರಂಗಗಳಲ್ಲಿ ಈಗ ನೀರು ತುಂಬಿದೆ. ಹೋದವರು ನೋಡಬಹುದಾದದ್ದು ಮೇಲಿನ ಊರು, ಸೈನೈಡ್ ಗುಡ್ಡಗಳು (ಅದಿರಿನಿಂದ ಚಿನ್ನ ತೆಗೆದ ಮೇಲೆ ಉಳಿದ ಪುಡಿಯ ರಾಶಿಗಳು). ಮೆಸೇಜ್ ನಂಬಿ ಮಕ್ಕಳ ಟೂರಿಗೆ ಸುಮ್ನೆ ಬಸ್ ಗೊತ್ತು ಮಾಡಬೇಡಿ. ದಯವಿಟ್ಟು ಫಾರ್ವರ್ಡ್ ಮಾಡುವುದನ್ನೂ ನಿಲ್ಲಿಸಿ.