ಎಷ್ಟು ಸ್ಕ್ವೇರ್ ಫೀಟ್ ಸಾರ್?

ನಮ್ಮನೆ ತುಳಸಿಕಟ್ಟೆಗೂ ಈಸ್ಟ್ ಇಂಡಿಯಾ ಕಂಪನಿ ಸೈನ್ಯಕ್ಕೂ ಈಗ ಒಂದೇ ಬಣ್ಣ. ಹೆಂಗೆ ಅಂತೀರಾ, ಹೇಳ್ತೀನಿ.

ನಂಗೊಂದು ಹುಚ್ಚಿದೆ. ಮೇಜಿನ ಮೇಲೆ ಪುಟಾಣಿ ಸೈನಿಕರನ್ನ ನಿಲ್ಸಿ, ಟೇಪಲ್ಲಿ ಇಂಚು ಅಳ್ದು, ದಾಳ ಉರುಳ್ಸಿ ಯುದ್ಧ ಆಡೋದು. ಚೌಕಾಬಾರ ಇದ್ದಂಗೇ, ಆದ್ರೆ ಹುಣಸೆ ಬೀಜದ ಬದ್ಲು 28 ಮಿಲಿಮೀಟರ್ ಎತ್ತರದ ಮನುಷ್ಯರು. ಬೆಂಕಿಪೊಟ್ಟಣ ನಿಲ್ಸಿದ್ರೆ ಅದಕ್ಕಿಂತ ಗಿಡ್ಡ, ಆದ್ರೂ ಕೋಟಿನ ಗುಂಡಿ ಎಣಿಸ್ಬೋದು. ಮೈಸೂರಲ್ಲಿ ಕೂತ್ಕೊಂಡು ಬೇರೆ ಯಾವ್ದೋ ದೇಶದ ಯುದ್ಧ ಯಾಕೆ ಆಡ್ಬೇಕು, ಬಸ್ ಹತ್ತಿದ್ರೆ ಅರ್ಧ ಗಂಟೇಲಿ ಸಿಗೋ ಶ್ರೀರಂಗಪಟ್ಟಣದ 1799ರ ಮುತ್ತಿಗೆನೇ ಆಡೋಣ ಅಂತ ನಾನೂ ನನ್ನ ಗೆಳೆಯನೂ ಮಾತಾಡ್ಕೊಂಡ್ವಿ. ಅವನ ಹತ್ರ ರೆಸಿನ್ ಪ್ರಿಂಟರ್ ಇದೆ, ಅಂದ್ರೆ ರೆಸಿನ್ ಅನ್ನೋ ಪ್ಲಾಸ್ಟಿಕ್ ತರದ ದ್ರವನ ಗಟ್ಟಿ ಮಾಡಿ ಗೊಂಬೆ ತೆಗೆಯೋ 3ಡಿ ಪ್ರಿಂಟರ್. ಒಬ್ಬ ಸೈನಿಕನಿಗೆ ಹತ್ತು ರೂಪಾಯಿ ಕೊಡು ಸಾಕು ಅಂದ. ಹತ್ತು ರೂಪಾಯಿಗೆ ಈಗ ಒಂದು ಲೋಟ ಕಾಫಿ ಬರಲ್ಲ, ಸೈನಿಕ ಬರ್ತಾನೆ ಅಂದ್ರೆ ಯಾರು ಬಿಡ್ತಾರೆ ಹೇಳಿ, 180 ಜನ ಕೆಂಪು ಕೋಟಿನವರು, 140 ಜನ ಮೈಸೂರು ಕಡೆಯವರು, ಒಟ್ಟು 320 ಪ್ರಿಂಟ್ ಮಾಡಿಸ್ಬಿಟ್ಟೆ. ಮೂರು ಶೂ ಬಾಕ್ಸಲ್ಲಿ ಎರಡೂ ಸೈನ್ಯ ಬಂತು, ಎಲ್ಲಾ ಬೂದಿ ಬಣ್ಣ. ನಮ್ಮನೆಯವಳು ಮುಚ್ಚಳ ತೆಗ್ದು ನೋಡಿ, "ಇದೇನ್ರೀ, ಇಷ್ಟೊಂದು ಗೆದ್ದಲು" ಅಂದ್ಳು.

ಆಮೇಲೆ ಬಣ್ಣದ ರೇಟ್ ನೋಡ್ದೆ.

ಈ ಪುಟಾಣಿ ಗೊಂಬೆಗಳಿಗೇ ಅಂತ ಮಾಡೋ ಅಕ್ರಿಲಿಕ್ ಬಣ್ಣ ಬರುತ್ತೆ, ಕಣ್ಣಿಗೆ ಹಾಕೋ ಡ್ರಾಪ್ಸ್ ತರ ಬಾಟಲಿ, 17 ಎಂಎಲ್. ನಾನು ನೋಡಿದ ಕಡೆ ಒಂದಕ್ಕೆ 350 ರೂಪಾಯಿ. ಕನಿಷ್ಠ 14 ಬಣ್ಣ ಬೇಕು, ಅಂದ್ರೆ 4,900. ಸೈನ್ಯಕ್ಕೆ 3,200, ಅದರ ಬಟ್ಟೆಗೆ 4,900! ಇಷ್ಟಕ್ಕೇ ಸುಮ್ನಾಗಿದ್ರೆ ಚೆನ್ನಾಗಿತ್ತು, ನಾನು ಲೀಟರ್ ಲೆಕ್ಕ ಹಾಕ್ದೆ. ಲೀಟರಿಗೆ ಇಪ್ಪತ್ತು ಸಾವಿರದ ಮೇಲೆ. ಅಷ್ಟು ಜನನ್ನೂ ಬೆಣ್ಣೆ ಕಾಯ್ಸಿದ ತುಪ್ಪದಲ್ಲಿ ಅದ್ದಿ ತೆಗೆದ್ರೂ ಇಷ್ಟು ಖರ್ಚಾಗಲ್ಲ ಅನ್ಸ್ತು. ಲೀಟರ್ ಲೆಕ್ಕ ಹಾಕಿದ್ದೇ ನಾನು ಮಾಡಿದ ಮೊದಲನೇ ತಪ್ಪು. ಒಬ್ಬ ಸೈನಿಕನ ಕೋಟಿಗೆ ಆ ಬಣ್ಣ ಒಂದೆರಡು ಹನಿ ಸಾಕು ಅನ್ನೋದು ನಂಗೆ ಗೊತ್ತಾಗಿದ್ದು ತುಂಬಾ ಲೇಟಾಗಿ.

ಕಡಿಮೆ ದುಡ್ಡಲ್ಲಿ ಬಣ್ಣ ಹುಡ್ಕೋಕೆ ಅಂತ ದೇವರಾಜ ಮಾರ್ಕೆಟ್ಟಿಗೆ ಹೋದೆ. ಅಲ್ಲಿ ಕುಂಕುಮ, ರಂಗೋಲಿ ಪುಡಿ ಗೋಪುರ ಗೋಪುರವಾಗಿ ಇಟ್ಕೊಂಡಿರ್ತಾರಲ್ಲ, ಅದನ್ನ ನೋಡ್ತಾ ಜ್ಞಾನೋದಯ ಆಯ್ತು. ಬಣ್ಣ ಅಂದ್ರೇನು? ಪುಡಿ, ಅದನ್ನ ಹಿಡ್ಕೊಳ್ಳೋ ಅಂಟು, ನೀರು. ಅಷ್ಟೇ ತಾನೇ! ಪೊಟ್ಟಣ ಪೊಟ್ಟಣ ರಂಗೋಲಿ ಪುಡಿ ತಂದು, ಮರಕ್ಕೆ ಹಚ್ಚೋ ಬಿಳಿ ಗಮ್ ಜೊತೆ ಕಲ್ಸಿ, ಒಬ್ಬ ಸಿಪಾಯಿಗೆ ಬಳ್ದೆ. ಒಣಗಿದ ಮೇಲೆ ನೋಡಿದ್ರೆ ಪಾಪ ಅವನಿಗೆ ಮೈತುಂಬಾ ಬೆವರುಸಾಲೆ ಎದ್ದಿತ್ತು. ರಂಗೋಲಿ ಪುಡಿ ಕಲ್ಲಿನ ಪುಡಿ ಕಣ್ರೀ. ನಮ್ಮ ಬೆರಳಿಗೆ ಅದು ನೈಸು, 28 ಮಿಲಿಮೀಟರಿನವನಿಗೆ ಜಲ್ಲಿ. ದುಬಾರಿ ಬಾಟಲಿಯವರು ದುಡ್ಡು ತಗೊಳ್ಳೋದು ಒಂದು ಪುಡಿನ ಅಷ್ಟು ನುಣ್ಣಗೆ ಅರ್ದಿರೋದಕ್ಕೆ, ಇನ್ನೊಂದು ಅಷ್ಟೇ ಜಾಗದಲ್ಲಿ ಜಾಸ್ತಿ ಪುಡಿ ತುಂಬಿರೋದಕ್ಕೆ. ಮೈಸೂರು ಶೈಲಿ ಚಿತ್ರ ಬರೆಯೋರು ಹಿಂದೆ ಬಣ್ಣನ ಗಂಟೆಗಟ್ಲೆ ಅರೀತಿದ್ರು, ಅಳಿಲಿನ ಕೂದಲಿನ ಕುಂಚ ಇಟ್ಕೊಳ್ತಿದ್ರು ಅಂತ ಚಿಕ್ಕೋನಿಂದ ಕೇಳಿದೀನಿ. ಕೇಳಿದ್ದು ತಲೆಗೆ ಹೋಗೋಕೆ ಒಬ್ಬ ಸಿಪಾಯಿಗೆ ಬೆವರುಸಾಲೆ ಆಗ್ಬೇಕಾಯ್ತು.

ಅದಾದ್ಮೇಲೆ ಬಟ್ಟೆ ಮೇಲೆ ಹೂ ಬಿಡ್ಸೋ ಬಣ್ಣ. ಚಿಕ್ಕ ಡಬ್ಬಿ, ರೇಟೂ ಪರವಾಗಿಲ್ಲ. ಬಟ್ಟೆ ಮಡಚಿದಾಗ ಬಿರುಕು ಬಿಡಬಾರ್ದು ಅಂತ ಅದು ಒಣಗಿದ ಮೇಲೂ ಒಂಚೂರು ರಬ್ಬರ್ ತರಾನೇ ಇರುತ್ತೆ. ಶೂ ಬಾಕ್ಸಲ್ಲಿ ಒತ್ತೊತ್ತಾಗಿ ಮಲಗ್ಸಿದ್ದೆ, ಬೆಳಿಗ್ಗೆ ಎದ್ದು ನೋಡಿದ್ರೆ ಹನ್ನೊಂದು ಜನ ಒಬ್ಬರನ್ನೊಬ್ಬರು ಬಿಟ್ಟಿರಲಾರದೆ ತಬ್ಕೊಂಡಿದ್ರು.

ಬಿಡಿ, ಅದಕ್ಕೂ ಮುಂಚೆ ಪ್ರೈಮರ್ ಹೊಡೀಬೇಕಿತ್ತಂತೆ. ಬರೀ ರೆಸಿನ್ ಮೇಲೆ ಅಕ್ರಿಲಿಕ್ ಸರಿಯಾಗಿ ಹಿಡಿಯಲ್ಲ, ಉಗುರು ತಾಕಿದ್ರೆ ಎದ್ದು ಬರುತ್ತೆ. ಸರಿ, ಗಾಡಿಗೆ ಹೊಡಿಯೋ ಕಪ್ಪು ಸ್ಪ್ರೇ ಡಬ್ಬಿ ಎರಡು ತಂದೆ. ಟೆರೇಸ್ ಮೇಲೆ, ಟಿವಿ ಬಂದಾಗ ಪ್ಯಾಕಿಂಗಲ್ಲಿ ಬಂದಿದ್ದ ಥರ್ಮಾಕೋಲ್ ಶೀಟ್ ಹಾಸಿ, ನಲವತ್ತು ಜನನ್ನ ಸಾಲಾಗಿ ನಿಲ್ಸಿ, ಎಡಗಡೆಯಿಂದ ಬಲಗಡೆಗೆ ಒಂದು ಸಲ, ಬಲಗಡೆಯಿಂದ ಎಡಗಡೆಗೆ ಒಂದು ಸಲ, ಬಹಳ ಸ್ಟೈಲಾಗಿ ಹೊಡ್ದೆ. ಸುರ್ ಅಂತ ಒಂದು ಶಬ್ದ ಬಂತು. ಏನು ಅಂತ ನೋಡೋಷ್ಟರಲ್ಲಿ ಮುಂದಿನ ಸಾಲು ಮೊಣಕಾಲುವರೆಗೆ ಇಳಿದಿತ್ತು, ಹಿಂದಿನ ಸಾಲು ಸೊಂಟದ ತನಕ. ಸ್ಪ್ರೇಲಿರೋ ಸಾಲ್ವೆಂಟಿಗೆ ಥರ್ಮಾಕೋಲ್ ಅಂದ್ರೆ ಬಿಸಿ ಅನ್ನಕ್ಕೆ ತುಪ್ಪ ಇದ್ದಂಗೆ, ಕರಗೇ ಹೋಗುತ್ತೆ. ಕೋಟೆ ಹತ್ರ ಹೋಗೋಕೆ ಮುಂಚೆನೇ ನನ್ನ ಸೈನ್ಯ ಕೆಸರಲ್ಲಿ ಹೂತೋಗಿತ್ತು. ಬಟ್ಟೆ ತೆಗೆಯೋಕೆ ಮೇಲೆ ಬಂದ ಅಮ್ಮ ಸ್ವಲ್ಪ ಹೊತ್ತು ನಿಂತು ನೋಡಿ, "ನಾಟಿ ಮಾಡ್ತಿದೀಯೇನೋ?" ಅಂದ್ರು. ಅಮ್ಮನ ತವರು ಮಂಡ್ಯ ಕಡೆ.

ನಲವತ್ತರಲ್ಲಿ ಮೂವತ್ತೆಂಟು ಜನನ್ನ ಕಿತ್ತು ಉಳಿಸ್ದೆ. ಪ್ರೈಮರ್ ಮಾತ್ರ ಕಲ್ಲಿನ ತರ ಕೂತಿತ್ತು, ಅದನ್ನ ಒಪ್ಕೊಬೇಕು. ಉಳಿದವರನ್ನ ರಟ್ಟಿನ ಮೇಲೆ ನಿಲ್ಸಿ ಹೊಡ್ದೆ. (ಮಳೆ ದಿನ ಹೊಡೀಬೇಡಿ. ಗಾಳಿ ತೇವ ಇದ್ರೆ ಮೇಲೆಲ್ಲಾ ಬೂಷ್ಟು ಬಂದಂಗೆ ಬೆಳ್ಳಗಾಗುತ್ತೆ. ಇದನ್ನೂ ಮಾಡಿ ನೋಡೇ ಹೇಳ್ತಿದೀನಿ.)

ಈಗ ಕೆಂಪು. 180 ಕೋಟು! ಯಾವ ಕೆಂಪು ಅಂತ ನೋಡ್ಕೊಂಡು ಬರೋಣ ಅಂತ ಒಂದು ಭಾನುವಾರ ಶ್ರೀರಂಗಪಟ್ಟಣದಲ್ಲಿರೋ ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್‌ಗೆ ಹೋದೆ. 1780ರ ಪೊಳ್ಳಿಲೂರು ಕದನನ ಅಲ್ಲಿ ಗೋಡೆ ತುಂಬಾ ಬರ್ದಿದಾರಲ್ಲ, ಪಲ್ಲಕ್ಕಿಲಿ ಕೂತ ಕಂಪನಿ ಸೈನ್ಯದ ಕರ್ನಲ್ ಬೇಯ್ಲಿ, ಅವನ ಸುತ್ತ ಚೌಕಾಕಾರವಾಗಿ ನಿಂತ ಕೆಂಪು ಕೋಟಿನವರು. ನಾನು ಜೇಬಿಂದ ಗೋಡೆ ಪೇಂಟಿನ ಶೇಡ್ ಕಾರ್ಡ್ ತೆಗ್ದು ದೂರದಿಂದ ಒಂದು ಕಣ್ಣು ಮುಚ್ಕೊಂಡು ಮ್ಯಾಚ್ ಮಾಡ್ತಿದ್ರೆ, ಪಕ್ಕದಲ್ಲಿ ನಿಂತಿದ್ದ ಪ್ರವಾಸಿ ಒಬ್ರು ಬಹಳ ಗೌರವದಿಂದ "ಮತ್ತೆ ಪೇಂಟ್ ಮಾಡಿಸ್ತಾ ಇದಾರಾ ಸಾರ್?" ಅಂತ ಕೇಳಿದ್ರು. ಇಲ್ಲ ಅಂತ ಹೇಳೋಕೆ ನಂಗ್ಯಾಕೋ ಮನಸ್ಸಾಗ್ಲಿಲ್ಲ, ಸುಮ್ನೆ ತಲೆ ಆಡಿಸ್ದೆ.

ಮಾರನೇ ದಿನ ಸಂಜೆ ಹಾರ್ಡ್‌ವೇರ್ ಅಂಗಡಿ. ಕಂಪ್ಯೂಟರ್ ಮಿಕ್ಸಿಂಗ್ ಮೆಷಿನ್ ಹತ್ರ ನಿಂತಿದ್ದ ಹುಡುಗ ಕಾರ್ಡ್ ನೋಡ್ದ.

"ಎಕ್ಸ್‌ಟೀರಿಯರಾ ಇಂಟೀರಿಯರಾ ಸಾರ್?"

ಯುದ್ಧ ನಡೆದಿದ್ದು ಬಯಲಲ್ಲಿ. "ಎಕ್ಸ್‌ಟೀರಿಯರ್" ಅಂದೆ.

"ಎಷ್ಟು ಸ್ಕ್ವೇರ್ ಫೀಟ್ ಬರುತ್ತೆ?"

ಒಂದು ಕೋಟು ಒಂದು ಸ್ಕ್ವೇರ್ ಇಂಚು ಅಂತ ಇಟ್ಕೊಂಡ್ರೂ 180 ಇಂಚು. 144ಕ್ಕೆ ಒಂದು ಸ್ಕ್ವೇರ್ ಫೀಟು. "ಒಂದೂಕಾಲು" ಅಂದೆ.

"ಸಾವಿರದ ಇನ್ನೂರೈವತ್ತಾ?"

"ಅಲ್ಲಪ್ಪ. ಒಂದು. ಅದರ ಮೇಲೆ ಕಾಲು."

ಹುಡುಗ ಓನರ್ ಮುಖ ನೋಡ್ದ, ಓನರ್ ನನ್ನ ಮುಖ ನೋಡಿದ್ರು. "ಒಂದು ಲೀಟರಿಗಿಂತ ಕಮ್ಮಿ ಬರಲ್ಲ ಸಾರ್" ಅಂದ್ರು. ಒಂದು ಲೀಟರ್ ಅಂದ್ರೆ ಐವತ್ತೆಂಟು ಬಾಟಲಿ, ಅದೂ ಎರಡು ಬಾಟಲಿ ದುಡ್ಡಿಗಿಂತ ಕಮ್ಮಿಗೆ! ಡಬ್ಬಿ ಎತ್ಕೊಂಡು ಬರ್ತಾ ಇಡೀ ಪ್ರಪಂಚಕ್ಕೆ ಗೊತ್ತಿಲ್ದಿರೋದು ನಂಗೊಬ್ಬನಿಗೇ ಗೊತ್ತಾಗಿದೆ ಅನ್ನೋ ಖುಷಿ.

ಆ ಖುಷಿ ಮೊದಲನೇ ಕೋಟು ಒಣಗೋ ತನಕ ಇತ್ತು. ಕಪ್ಪು ಪ್ರೈಮರ್ ಮೇಲೆ ಕೆಂಪು ಬಳಿದ್ರೆ ಕೆಂಪೇ ಕಾಣ್ಲಿಲ್ಲ, ಒಣಗಿದ ರಾಗಿ ಮುದ್ದೆ ಬಣ್ಣ ಬಂತು. ಗಾಢ ಕೆಂಪು ಮಾಡುವಾಗ ಬಿಳಿ ಬೇಸ್ ಹಾಕೋಕಾಗಲ್ಲ, ಹಾಕಿದ್ರೆ ಗುಲಾಬಿ ಆಗ್ಬಿಡುತ್ತೆ, ಅದಕ್ಕೆ ಬಿಳಿ ಇಲ್ದಿರೋ ತಿಳಿ ಬೇಸಿಗೆ ಬಣ್ಣ ಹಾಕ್ತಾರೆ, ಅದು ಕೆಳಗಿನ ಕಪ್ಪನ್ನ ಮುಚ್ಚಲ್ಲ. ಎರಡು, ಮೂರು, ನಾಲ್ಕು ಕೋಟು ಹೊಡ್ದೆ. ಕೆಂಪೇನೋ ಬಂತು, ಗುಂಡಿಗಳು ಹೋದವು. ಗೋಡೆ ಬಣ್ಣದ ಕೆಲಸನೇ ಗೋಡೆ ಮೇಲಿನ ಸಣ್ಣಪುಟ್ಟ ಗುಳಿ ಬಿರುಕು ಮುಚ್ಚೋದು. ನನ್ನ ಸೈನಿಕನ ಮೂಗು, ಬಾಯಿ, ಗುಂಡಿ ಎಲ್ಲಾ ಅದರ ಲೆಕ್ಕದಲ್ಲಿ ಬಿರುಕೇ. ಊಟಿಗೆ ಹೋಗೋಕೆ ಸ್ವೆಟರ್ರು ಮಂಕಿಕ್ಯಾಪು ಹಾಕ್ಕೊಂಡು ನಿಂತವರ ತರ ಕಾಣ್ತಿದ್ರು. ಮತ್ತೆ ಅಂಗಡಿಗೆ ಹೋದಾಗ ಆ ಹುಡುಗನೇ ಹೇಳ್ದ, "ಸಾರ್, ಕೆಂಪಿಗೆ ಕೆಳಗಡೆ ಇಟ್ಟಿಗೆ ಬಣ್ಣನೋ ಪಿಂಕೋ ಒಂದು ಕೈ ಹೊಡ್ಕೋಬೇಕು, ಆಗ ಒಂದೇ ಕೋಟಲ್ಲಿ ಏಳುತ್ತೆ." ಇಷ್ಟು ಹೇಳೋಕೆ ಅವನು ಒಂದು ಪೈಸೆ ತಗೊಳ್ಲಿಲ್ಲ, ನಾನು ಖರ್ಚು ಮಾಡಿದ್ದರಲ್ಲೆಲ್ಲಾ ಕೆಲಸಕ್ಕೆ ಬಂದಿದ್ದು ಅದೊಂದೇ ಅಂತ ಕಾಣುತ್ತೆ.

ಕೊನೆಗೆ ಹಿಡಿದ ದಾರಿ ಹೇಳ್ಬಿಡ್ತೀನಿ. ನೆಲದ ಮಣ್ಣು, ಬೂಟು, ಬಂದೂಕಿನ ಮರ, ಟೋಪಿ, ಇದಕ್ಕೆಲ್ಲಾ ಸ್ಟೇಷನರಿ ಅಂಗಡಿ ಅಕ್ರಿಲಿಕ್ಕು ಸಾಕು, ನೀರು ಹಾಕಿ ಹಾಲಿನಷ್ಟು ತೆಳು ಮಾಡ್ಕೊಂಡು ಎರಡು ಸಲ ಹಚ್ಚೋದು. ಕಪ್ಪು ಡ್ರಾಯಿಂಗ್ ಇಂಕಿಗೆ ಜಾಸ್ತಿ ನೀರು ಬೆರ್ಸಿ ಮೇಲೆ ಬಿಟ್ರೆ ಮಡಿಕೆಗಳಲ್ಲಿ ಹೋಗಿ ಕೂತು ನೆರಳು ತಾನೇ ಬರುತ್ತೆ, ಅರ್ಧ ತಪ್ಪು ಅದರಲ್ಲೇ ಮುಚ್ಚೋಗುತ್ತೆ. ಕೆಂಪಿಗೆ ಮಾತ್ರ ಮರ್ಯಾದೆಯಾಗಿ 350 ರೂಪಾಯಿ ಬಾಟಲಿ ತರಿಸ್ದೆ. ಎರಡು ಬಾಟಲಿಲಿ ಅಷ್ಟೂ ಕೋಟು ಮುಗೀತು, ಇನ್ನೂ ತಳದಲ್ಲಿ ಉಳಿದಿದೆ. ಲೀಟರ್ ಡಬ್ಬಿಲಿ ಉಳಿದ ಒಂಬೈನೂರು ಚಿಲ್ರೆ ಎಂಎಲ್ಲನ್ನ ನಮ್ಮನೆಯವಳು ತುಳಸಿಕಟ್ಟೆಗೆ ಬಳಿದ್ಳು. ಅದಕ್ಕೆ ಒಂದೇ ಕೋಟಲ್ಲಿ ಎಷ್ಟು ಚೆನ್ನಾಗಿ ಕೂತಿದೆ ಅಂತೀರಾ!

ಸೈನಿಕರ ಎದೆ ಮೇಲೆ ಅಡ್ಡಡ್ಡ ಬರೋ ಬಿಳಿ ಪಟ್ಟಿ ಬಾಕಿ ಇತ್ತು. ಇನ್ನು ದುಡ್ಡು ಬಿಚ್ಚಬಾರ್ದು ಅಂತ ಮಗಳ ಸ್ಕೂಲ್ ಬ್ಯಾಗಿಂದ ಪೋಸ್ಟರ್ ಕಲರ್ ಎತ್ಕೊಂಡೆ, ಮೂರು ರಾತ್ರಿ ಕೂತು 360 ಪಟ್ಟಿ ಎಳ್ದೆ. ಅಷ್ಟರಲ್ಲಿ ನವರಾತ್ರಿ ಬಂತು. ಪಟ್ಟದ ಗೊಂಬೆ, ಶೆಟ್ಟಿ ಶೆಟ್ಟಮ್ಮನ ಜೊತೆ ಇವರನ್ನೂ ಕೂರಿಸೋಣ ಅಂತ ಅಮ್ಮನಿಗೆ ಆಸೆ ಆಗಿ, ಧೂಳಿದೆ ಅಂತ ಮೊದಲನೇ ಹತ್ತು ಜನನ್ನ ಒದ್ದೆ ಬಟ್ಟೆಲಿ ನೀಟಾಗಿ ಒರೆಸಿದ್ರು. ಪೋಸ್ಟರ್ ಕಲರ್ ನೀರು ಕಂಡ್ರೆ ಎದ್ದು ಹೋಗೋ ಜಾತಿ. ನಮ್ಮೂರು ಬಣ್ಣದ ವಿಷಯದಲ್ಲಿ ಸಾಮಾನ್ಯ ಊರಲ್ಲ ನೋಡಿ, 1937ರಲ್ಲಿ ನಾಲ್ವಡಿಯವರ ಕಾಲದಲ್ಲಿ ಶುರುವಾದ ಕಾರ್ಖಾನೆ ಇದೆ, 1962ರ ಚುನಾವಣೆಯಿಂದ ದೇಶದವರ ಬೆರಳಿಗೆಲ್ಲಾ ಇಂಕು ಹೋಗ್ತಿರೋದು ಅಲ್ಲಿಂದಲೇ, ಅದರಲ್ಲಿರೋ ಸಿಲ್ವರ್ ನೈಟ್ರೇಟು ಬಿಸಿಲಿಗೆ ಕಪ್ಪಾಗಿ ಉಗುರು ಬೆಳೆದು ಹೋಗೋ ತನಕ ಬಿಡಲ್ಲ. ಅಂಥಾ ಊರಲ್ಲಿ ಕೂತು ನಾನು ಎಳೆದ ಪಟ್ಟಿ ಒಂದು ಒರೆಸಿಗೆ ಬಟ್ಟೆಗೆ ಬಂತು.

ಆ ಹತ್ತು ಜನನ್ನ ಹಿಂದಿನ ಸಾಲಿಗೆ ತಳ್ಳಿ, ಉಳಿದವರನ್ನ ಐದನೇ ಮೆಟ್ಟಿಲ ಮೇಲೆ ನಿಲ್ಸಿದ್ವಿ. ನೋಡೋಕೆ ಬಂದ ಪಕ್ಕದ್ಮನೆ ಆಂಟಿ ಕನ್ನಡಕ ಏರಿಸ್ಕೊಂಡು ಬಗ್ಗಿ, "ಅಯ್ಯೋ, ಬ್ಯಾಂಡ್‌ಸೆಟ್ ಎಷ್ಟು ಮುದ್ದಾಗಿದೆ! ಎಲ್ಲರ ಕೈಲೂ ಬರೀ ನಾದಸ್ವರನೇ ಇದೆಯಲ್ಲ, ಒಬ್ಬನಾದ್ರೂ ಡೋಲು ಹಿಡ್ಕೊಂಡಿಲ್ವಲ್ಲ?" ಅಂದ್ರು.

ನಾನು ಬಾಯಿ ತೆಗೆಯೋಕೆ ಮುಂಚೆ ನಮ್ಮನೆಯವಳು, "ಡೋಲಿನವ್ರು ಮುಂದಿನ್ ವಾರ ಬರ್ತಾರೆ ಆಂಟಿ, ಪ್ರಿಂಟಿಗೆ ಹೋಗಿದಾರೆ" ಅಂದ್ಬಿಟ್ಳು.

ಮಾತು ಕೊಟ್ಟಾಗಿದೆ, ಏನ್ ಮಾಡೋದು, ರಾತ್ರಿನೇ ಗೆಳೆಯನಿಗೆ ಹನ್ನೆರಡು ಡ್ರಮ್ಮರ್ ಬೇಕು ಅಂತ ಮೆಸೇಜ್ ಹಾಕಿ, ಅವರ ಯೂನಿಫಾರ್ಮ್ ಹೆಂಗಿರುತ್ತೆ ಅಂತ ಓದೋಕೆ ಕೂತೆ. ಡ್ರಮ್ಮರ್‌ಗಳದ್ದು ಉಲ್ಟಾ ಅಂತೆ, ಮಿಕ್ಕವರ ಕಾಲರ್ರು ಕಫ್ಫು ಯಾವ ಬಣ್ಣನೋ ಇವರ ಪೂರ್ತಿ ಕೋಟೇ ಆ ಬಣ್ಣ. ಶ್ರೀರಂಗಪಟ್ಟಣಕ್ಕೆ ಬಂದಿದ್ದ 12ನೇ ರೆಜಿಮೆಂಟಿಗೆ ಹಳದಿ. ಹಳದಿ ಅಂದ್ರೆ, ಮುಚ್ಚೋ ವಿಷಯದಲ್ಲಿ ಕೆಂಪಿಗಿಂತ ಕಷ್ಟ.

ಬೆಳಿಗ್ಗೆ ಹಾಲು ತಗೊಳ್ಳೋಕೆ ಆಚೆ ಬಂದಾಗ ಕಾಂಪೌಂಡ್ ಗೋಡೆ ಕಡೆ ನೋಡ್ದೆ. ಬಣ್ಣ ಹೊಡ್ಸಿ ಹೆಂಗೂ ಮೂರು ವರ್ಷ ಆಗಿತ್ತು.