ಸಿನಿಮಾ ನೋಡದೆ ಗೆಲ್ಲುವವರ ಪಟ್ಟಿ ಹಾಕಬೇಡಿ

ಸಾಕಾಗಿ ಹೋಗಿದೆ ನನಗೆ. ಇದು 2021ರ ಏಪ್ರಿಲ್ ಕೊನೆ, ಆಸ್ಕರ್ ಸಮಾರಂಭ ಮುಗಿದು ಇನ್ನೂ ವಾರ ಆಗಿಲ್ಲ. ಆಗಲೇ ಮುಂದಿನ ವರ್ಷ ಯಾರು ಗೆಲ್ಲುತ್ತಾರೆ ಅನ್ನುವ ಪಟ್ಟಿಗಳು ಶುರುವಾಗಿವೆ. ಪಟ್ಟಿಯಲ್ಲಿರುವ ಸಿನಿಮಾಗಳನ್ನು ಜನ ಇನ್ನೂ ಕಣ್ಣಿಂದ ನೋಡಿಲ್ಲ. ಎಷ್ಟಕ್ಕೋ ಟ್ರೇಲರ್ ಸಹ ಬಂದಿಲ್ಲ. ನಿರ್ದೇಶಕರು ಯಾರು, ನಟರು ಯಾರು ಅಂತ ನೋಡಿ ಒಂದರಿಂದ ಹತ್ತರವರೆಗೆ ನಂಬರ್ ಹಾಕಿಬಿಟ್ಟಿದ್ದಾರೆ.

ಬೇರೆ ವರ್ಷ ಆಗಿದ್ದರೆ ಸುಮ್ಮನೆ ಇರುತ್ತಿದ್ದೆ. ಆದರೆ ಈಗಷ್ಟೇ ನಡೆದದ್ದು ಇಷ್ಟು ಬೇಗ ಮರೆತುಹೋಯಿತಾ? 2020ರ ಮಾರ್ಚ್‌ನಲ್ಲಿ ಕೊರೊನಾದಿಂದಾಗಿ ಅಮೆರಿಕದ ಥಿಯೇಟರ್‌ಗಳು ಬಾಗಿಲು ಹಾಕಿದವು. ನ್ಯೂಯಾರ್ಕ್ ನಗರದಲ್ಲಿ ಮತ್ತೆ ತೆರೆದದ್ದು 2021ರ ಮಾರ್ಚ್ 5ಕ್ಕೆ, ಅದೂ ಕಾಲು ಭಾಗ ಸೀಟಿಗೆ ಮಾತ್ರ. ಲಾಸ್ ಏಂಜಲೀಸ್‌ನಲ್ಲಿ ತೆರೆಯುವಾಗ ಮಾರ್ಚ್ ಮಧ್ಯ ಆಗಿತ್ತು. ಆಸ್ಕರ್ ನಾಮಿನೇಷನ್ ಬಂದದ್ದು ಮಾರ್ಚ್ 15ಕ್ಕೆ. ಅಂದರೆ ಹಾಲಿವುಡ್ ಸಿನಿಮಾ ಬೆಳೆದ ಊರಲ್ಲೇ ಒಂದು ವರ್ಷ ಸಿನಿಮಾ ಹಾಲ್‌ಗೆ ಬೀಗ. ಆದರೆ ಯಾರು ಗೆಲ್ಲುತ್ತಾರೆ ಅನ್ನುವ ಮಾತಿಗೆ ಒಂದು ದಿನವೂ ಬೀಗ ಬೀಳಲಿಲ್ಲ. ನಿಜ ಹೇಳಬೇಕೆಂದರೆ ಆ ಮಾತು ಇನ್ನೂ ಜಾಸ್ತಿಯಾಯಿತು.

ಆಸ್ಕರ್ ಕೊಡುವ ಅಕಾಡೆಮಿ ಮಾಡಿದ್ದಕ್ಕೆ ನನ್ನ ತಕರಾರಿಲ್ಲ. ಫೆಬ್ರವರಿಯಲ್ಲಿ ಆಗಬೇಕಿದ್ದ ಸಮಾರಂಭವನ್ನು ಏಪ್ರಿಲ್ 25ಕ್ಕೆ ತಳ್ಳಿದರು. ಥಿಯೇಟರ್‌ಗೆ ಬರಬೇಕೆಂದೇ ತಯಾರಾಗಿದ್ದ ಸಿನಿಮಾ ನೇರವಾಗಿ ಸ್ಟ್ರೀಮಿಂಗ್‌ಗೆ ಹೋದರೂ ಸ್ಪರ್ಧಿಸಬಹುದು ಅಂದರು. ಜನ ಸಾಯುತ್ತಿರುವಾಗ ಹಾಲ್ ತೆರೆಯಿರಿ ಅಂತ ಯಾರೂ ಕೇಳುವಂತಿರಲಿಲ್ಲ, ನಾನೂ ಕೇಳಲಿಲ್ಲ. ಸ್ಟ್ರೀಮಿಂಗ್ ಇಲ್ಲದಿದ್ದರೆ ಆ ಸಿನಿಮಾಗಳಲ್ಲಿ ಎಷ್ಟೋ ನಮ್ಮ ಕೈಗೆ ಸಿಗುತ್ತಲೇ ಇರಲಿಲ್ಲ. ನನ್ನ ಸಿಟ್ಟು ಇರುವುದು ಬೇರೆ ಕಡೆ.

ನೊಮ್ಯಾಡ್‌ಲ್ಯಾಂಡ್ ಸಿನಿಮಾವನ್ನೇ ನೋಡಿ. 2020ರ ಸೆಪ್ಟೆಂಬರ್‌ನಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಗೋಲ್ಡನ್ ಲಯನ್ ಪಡೆಯಿತು. ಅದೇ ತಿಂಗಳು ಟೊರಾಂಟೊದಲ್ಲಿ ಪ್ರೇಕ್ಷಕರ ಪ್ರಶಸ್ತಿಯೂ ಬಂತು. ಅವತ್ತಿನಿಂದಲೇ 'ಇದೇ ಗೆಲ್ಲೋದು' ಅನ್ನುವ ಮಾತು ಶುರು. ಅಮೆರಿಕದ ಸಾಮಾನ್ಯ ಪ್ರೇಕ್ಷಕನಿಗೆ ಅದು ಎಲ್ಲೆಡೆ ನೋಡಲು ಸಿಕ್ಕಿದ್ದು 2021ರ ಫೆಬ್ರವರಿ 19ಕ್ಕೆ. ಮಧ್ಯದ ಐದು ತಿಂಗಳು ನಾವೆಲ್ಲ ಆ ಸಿನಿಮಾದ ಬಗ್ಗೆ ಏನು ಮಾತಾಡಿದೆವು? ಅದು ಮುಂದಿದೆಯಾ, ಹಿಂದೆ ಬಿತ್ತಾ, ಇನ್ಯಾವುದೋ ಹತ್ತಿರ ಬರುತ್ತಿದೆಯಾ. ರೇಸ್ ಕುದುರೆಯ ಬಗ್ಗೆ ಮಾತಾಡಿದ ಹಾಗೆ.

'ಆದರೆ ಅವರು ಹೇಳಿದ್ದು ಸರಿಯಾಯಿತಲ್ಲ' ಅಂತೀರಾ? ಆಯಿತು. ಅದೇ ಗೆದ್ದಿತು. ಕ್ಲೋಯಿ ಝಾವ್ ನಿರ್ದೇಶನಕ್ಕೆ ಆಸ್ಕರ್ ಪಡೆದ ಎರಡನೇ ಮಹಿಳೆ ಆದರು, ತುಂಬಾ ಖುಷಿಯಾಯಿತು. ಆದರೆ ಸಿನಿಮಾ ಕೊನೆಗೂ ನನ್ನ ಕೈಗೆ ಸಿಕ್ಕಾಗ ಅದನ್ನು ಖಾಲಿ ಮನಸ್ಸಿನಿಂದ ನೋಡಲು ಆಗಲಿಲ್ಲ. ಕಾರ್ಖಾನೆ ಮುಚ್ಚಿ ಊರೇ ಖಾಲಿಯಾದ ಮೇಲೆ ವ್ಯಾನ್‌ನಲ್ಲಿ ಬದುಕುವ ಹೆಂಗಸಿನ ಕಥೆ ಅದು. ಸುತ್ತ ಇರುವವರಲ್ಲಿ ಎಷ್ಟೋ ಜನ ನಟರೇ ಅಲ್ಲ, ನಿಜವಾಗಿ ಹಾಗೆ ಬದುಕುವವರು. ತಣ್ಣಗೆ, ನಿಧಾನವಾಗಿ ಸಾಗುತ್ತದೆ. ನನ್ನ ತಲೆಯಲ್ಲಿ ಮಾತ್ರ ಒಂದೇ ಪ್ರಶ್ನೆ: ಇದರಲ್ಲಿ ಗೆಲ್ಲುವಂಥದ್ದು ಯಾವುದು? ಆ ಪ್ರಶ್ನೆಯನ್ನು ನನ್ನ ತಲೆಗೆ ತುಂಬಿದವರು ಯಾರು? ಐದು ತಿಂಗಳು ದಿನಾ ಬೆಳಗಾದರೆ ಪಟ್ಟಿ ಹಾಕಿದವರು.

ದಿ ಫಾದರ್ ಸಿನಿಮಾಗೆ ಆದ ಅನ್ಯಾಯ ಇನ್ನೂ ದೊಡ್ಡದು. ನೆನಪು ಕಳೆದುಕೊಳ್ಳುತ್ತಿರುವ ಮುದುಕನ ಕಥೆ. ಆ ಗೊಂದಲವನ್ನು ಹೊರಗೆ ನಿಂತು ತೋರಿಸುವುದಿಲ್ಲ, ನಮ್ಮನ್ನೇ ಅದರೊಳಗೆ ಕೂರಿಸುತ್ತದೆ. ಮನೆಯ ಗೋಡೆ, ಕುರ್ಚಿ, ಚಿತ್ರಪಟ ಎಲ್ಲ ಸ್ವಲ್ಪ ಸ್ವಲ್ಪವೇ ಬದಲಾಗುತ್ತಾ ಹೋಗುತ್ತವೆ. ಮಗಳ ಮುಖವೇ ಬೇರೆಯಾಗುತ್ತದೆ. ಏನೂ ಗೊತ್ತಿಲ್ಲದೆ ಹೋಗಿ ಕೂತರೆ ಮಾತ್ರ ಅದು ಕೆಲಸ ಮಾಡುವುದು. ಈ ಪ್ರಿಡಿಕ್ಷನ್ ವೀರರು ಏನು ಮಾಡಿದರು? ಕೊನೆಯ ದೃಶ್ಯವನ್ನು ಉದ್ದಕ್ಕೂ ವಿವರಿಸಿ, 'ಈ ಸೀನ್‌ನಿಂದಲೇ ಆಂಥನಿ ಹಾಪ್ಕಿನ್ಸ್‌ಗೆ ಚಾನ್ಸ್ ಇದೆ' ಅಂತ ಹೇಳಿಬಿಟ್ಟರು. ನಾನು ಕೇಳಿರಲಿಲ್ಲ. ಸುಮ್ನೆ ಯಾರು ಯಾರಿಗೆ ನಾಮಿನೇಷನ್ ಬಂದಿದೆ ಅಂತ ನೋಡಲು ಹೋದವನ ಕಿವಿಗೆ ಕ್ಲೈಮ್ಯಾಕ್ಸ್ ಸುರಿದರು. ಆ ಸಿನಿಮಾ ಆಗ ಬ್ರಿಟನ್‌ನ ಥಿಯೇಟರ್‌ಗಳಿಗೇ ಇನ್ನೂ ಬಂದಿರಲಿಲ್ಲ. ನಡೆಯುವುದು ಲಂಡನ್‌ನಲ್ಲಿ, ನಟಿಸಿದವರು ಬಹುತೇಕ ಅಲ್ಲಿಯವರು. ಅಲ್ಲಿನ ಜನ ಟಿಕೆಟ್ ತೆಗೆದುಕೊಳ್ಳುವ ಮೊದಲೇ ಅದರ ಕೊನೆಯ ಐದು ನಿಮಿಷ ಲೋಕಕ್ಕೆಲ್ಲ ಗೊತ್ತಾಗಿಹೋಗಿತ್ತು. ನೋಡಲು ಆಗದವರ ಮುಂದೆ ಹೀಗೆ ಮಾತಾಡಬಾರದು ಅನ್ನುವ ಕನಿಷ್ಠ ಮರ್ಯಾದೆ ಬೇಡವೇ?

ಇನ್ನು ಸೌಂಡ್ ಆಫ್ ಮೆಟಲ್. ಕಿವಿ ಕೇಳಿಸದಂತೆ ಆಗುತ್ತಿರುವ ಡ್ರಮ್ಮರ್‌ನ ಕಥೆ. ಆ ಸಿನಿಮಾದ ಜೀವ ಇರುವುದೇ ಶಬ್ದದಲ್ಲಿ. ಎಲ್ಲಿ ಶಬ್ದ ಒಡೆಯುತ್ತದೆ, ಎಲ್ಲಿ ಮಂಕಾಗುತ್ತದೆ, ಎಲ್ಲಿ ಪೂರ್ತಿ ನಿಂತುಹೋಗುತ್ತದೆ ಅನ್ನುವುದರಲ್ಲಿ. ಶಬ್ದ ವಿಭಾಗದ ಆಸ್ಕರ್ ಅದಕ್ಕೇ ಬಂತು, ಸಂಕಲನದ್ದೂ ಬಂತು. ಅದನ್ನು ನಾನು ನೋಡಿದ್ದು ಲ್ಯಾಪ್‌ಟಾಪಿನ ಪುಟ್ಟ ಸ್ಪೀಕರ್‌ನಲ್ಲಿ. ಪರದೆಯ ಮೇಲೆ ಮೌನ ಬಂದಾಗ ನನಗೆ ಕೇಳಿಸಿದ್ದು ಫ್ಯಾನ್ ಸದ್ದು, ಪಕ್ಕದ ರೂಮಿನ ಫೋನ್ ಮಾತು. ನಡುವೆ ಬಾಗಿಲು ಬಡಿದರು, ಸಿನಿಮಾ ನಿಲ್ಲಿಸಿ ಎದ್ದೆ. ವಾಪಸ್ ಬಂದು ಕೂತಾಗ ಆ ಮೌನದ ಹಿಡಿತ ತಪ್ಪಿಹೋಗಿತ್ತು. ನೂರಾರು ಜನ ಒಟ್ಟಿಗೆ ಕತ್ತಲಲ್ಲಿ ಕೂತಿದ್ದಾಗ ಇದ್ದಕ್ಕಿದ್ದಂತೆ ಶಬ್ದವೆಲ್ಲ ನಿಂತುಹೋದರೆ ಹೇಗಿರುತ್ತಿತ್ತು! ಅದನ್ನು ನಾವು ಕಳೆದುಕೊಂಡೆವು. ಈ ನಷ್ಟದ ಬಗ್ಗೆ ಯಾರಾದರೂ ಕೂತು ಮಾತಾಡುತ್ತಾರಾ ಅಂತ ಕಾದೆ. ನಮ್ಮ ಗುಂಪಿನಲ್ಲಿ ಬಂದ ಮೆಸೇಜ್ ಏನು ಗೊತ್ತಾ? 'ಸೌಂಡ್ ಕ್ಯಾಟಗರಿ ಲಾಕ್, ಅದರ ಬಗ್ಗೆ ಚರ್ಚೆ ಬೇಡ.'

ನಮ್ಮ ಗುಂಪು ಅಂದರೆ ಹಳೆಯ ಸ್ನೇಹಿತರು. ಒಂದು ಕಾಲದಲ್ಲಿ ಸಿನಿಮಾ ಬಿಟ್ಟ ಮೇಲೆ ರಸ್ತೆಯಲ್ಲೇ ನಿಂತು ಜಗಳ ಆಡುತ್ತಿದ್ದವರು. ಈ ಸಲ ಒಬ್ಬ 23 ವಿಭಾಗಗಳಿಗೂ ಹೆಸರು ತುಂಬಿ ಕಳಿಸಿದ. ಇದರಲ್ಲಿ ಎಷ್ಟು ನೋಡಿದ್ದೀಯ ಮಾರಾಯ ಅಂತ ಕೇಳಿದೆ. 'ನೋಡೋಕೆ ಎಲ್ಲಿ ಟೈಮ್, ಎಲ್ಲರೂ ಹೇಳ್ತಿರೋದನ್ನೇ ಹಾಕಿದೀನಿ' ಅಂದ. ನೋಡಿಲ್ಲ ಅನ್ನುವುದು ಅವನಿಗೆ ಒಂದು ಕೊರತೆ ಅಂತಲೇ ಅನಿಸಲಿಲ್ಲ. ಅದು ನನ್ನನ್ನು ಚುಚ್ಚಿದ್ದು.

ಶ್ರೇಷ್ಠ ನಟಿ ವಿಭಾಗದಲ್ಲಿ ಆದದ್ದೂ ಅದೇ. ಆಸ್ಕರ್‌ಗೂ ಮೊದಲು ಗೋಲ್ಡನ್ ಗ್ಲೋಬ್ ಆಂಡ್ರಾ ಡೇ ಅವರಿಗೆ, ಕ್ರಿಟಿಕ್ಸ್ ಚಾಯ್ಸ್ ಕ್ಯಾರಿ ಮಲಿಗನ್ ಅವರಿಗೆ, ಅಮೆರಿಕದ ನಟರ ಸಂಘದ ಸ್ಯಾಗ್ ಪ್ರಶಸ್ತಿ ವಯೋಲಾ ಡೇವಿಸ್ ಅವರಿಗೆ, ಬ್ರಿಟನ್‌ನ ಬಾಫ್ಟಾ ಫ್ರಾನ್ಸಿಸ್ ಮೆಕ್‌ಡಾರ್ಮಂಡ್ ಅವರಿಗೆ. ನಾಲ್ಕು ಪ್ರಶಸ್ತಿ, ನಾಲ್ಕು ಜನ. ಸಿನಿಮಾ ಪ್ರೀತಿಸುವವರಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಬೇಕಾ? ನಾಲ್ಕೂ ಸಿನಿಮಾ ನೋಡೋಣ, ನಾಲ್ವರ ಕೆಲಸ ಹೋಲಿಸಿ ಮಾತಾಡೋಣ ಅನ್ನಬೇಕಿತ್ತು. ಇವರಿಗೆ ಅದು ತಲೆನೋವು. 'ಈ ಕ್ಯಾಟಗರಿ ಅರ್ಥವೇ ಆಗುತ್ತಿಲ್ಲ' ಅಂತ ಗೋಳಾಡಿದರು.

ಈ ಚಾಳಿ ಕೊನೆಗೆ ಸಮಾರಂಭವನ್ನೇ ಕೆಡಿಸಿತು. ಪ್ರತಿ ವರ್ಷ ಶ್ರೇಷ್ಠ ಚಿತ್ರವನ್ನು ಕೊನೆಗೆ ಘೋಷಿಸುತ್ತಾರೆ. ಈ ಸಲ ಶ್ರೇಷ್ಠ ನಟನ ಪ್ರಶಸ್ತಿಯನ್ನು ಕೊನೆಗಿಟ್ಟರು. 2020ರ ಆಗಸ್ಟ್‌ನಲ್ಲಿ 43ನೇ ವಯಸ್ಸಿಗೇ ತೀರಿಕೊಂಡ ಚಾಡ್ವಿಕ್ ಬೋಸ್ಮನ್ ಗೆಲ್ಲುವುದು ಖಚಿತ ಅಂತ ಬಹುತೇಕ ಪಟ್ಟಿಗಳು ಹೇಳಿದ್ದವು. ಆ ನಂಬಿಕೆಯ ಮೇಲೆಯೇ ಹೀಗೆ ಜೋಡಿಸಿದ್ದಾರೆ ಅಂತ ನೋಡುತ್ತಿದ್ದ ಬಹಳ ಜನರಿಗೆ ಅನಿಸಿತು, ನನಗೂ ಅನಿಸಿತು. ಲಕೋಟೆ ಒಡೆದರೆ ಹಾಪ್ಕಿನ್ಸ್ ಹೆಸರು. ಅವರು ಅಲ್ಲಿರಲೇ ಇಲ್ಲ, ವೇಲ್ಸ್‌ನಲ್ಲಿದ್ದರು. ಒಂದು ಭಾಷಣವೂ ಇಲ್ಲದೆ ಕಾರ್ಯಕ್ರಮ ದಡಕ್ಕನೆ ಮುಗಿಯಿತು. 83 ವರ್ಷದ ನಟ, ನಟನೆಗೆ ಆಸ್ಕರ್ ಪಡೆದವರಲ್ಲೇ ಅತಿ ಹಿರಿಯರು, ಅವರ ಅಂಥ ಅಭಿನಯವನ್ನು ಜನ ಒಂದು ಎಡವಟ್ಟಿನ ಹಾಗೆ ನೋಡಿದರು. ಬೋಸ್ಮನ್ ಕಾಯಿಲೆ ಇಟ್ಟುಕೊಂಡೇ ಮಾಡಿದ ಕೊನೆಯ ಪಾತ್ರ, 'ಮಾ ರೇನೀಸ್ ಬ್ಲ್ಯಾಕ್ ಬಾಟಮ್' ಸಿನಿಮಾದಲ್ಲಿ ಸಿಟ್ಟನ್ನೆಲ್ಲ ಟ್ರಂಪೆಟ್‌ಗೆ ತುಂಬಿಕೊಂಡ ಆ ಲೆವಿ, 'ಸೋತವನ' ಲೆಕ್ಕಕ್ಕೆ ಸೇರಿದ. ಇಬ್ಬರಿಗೂ ಅವಮಾನ. ಮರುದಿನ ಬೆಳಗ್ಗೆ ಹಾಪ್ಕಿನ್ಸ್ ವಿಡಿಯೋ ಮಾಡಿ ಬೋಸ್ಮನ್ ಅವರನ್ನು ಗೌರವದಿಂದ ನೆನೆದರು. ಆ ದೊಡ್ಡತನ ಪಟ್ಟಿ ಹಾಕಿದ ಒಬ್ಬರಿಗೂ ಬರಲಿಲ್ಲ. ನಮ್ಮ ಲೆಕ್ಕ ಹೇಗೆ ತಪ್ಪಿತು ಅಂತ ಇನ್ನೊಂದು ವಾರ ಮಾತಾಡಲು ಅವರಿಗೆ ವಿಷಯ ಸಿಕ್ಕಿತು.

ಇದೆಲ್ಲದರ ಮೇಲೆ ಇನ್ನೊಂದು ಮಾತು, 'ಈ ವರ್ಷ ಸಿನಿಮಾಗಳೇ ವೀಕ್, ಗೆದ್ದರೂ ಲೆಕ್ಕಕ್ಕಿಲ್ಲ.' ಯಾರು ಹೇಳುತ್ತಿರುವುದು? ನೋಡದವರು! ದೊಡ್ಡ ದೊಡ್ಡ ಸಿನಿಮಾಗಳು ಮುಂದಕ್ಕೆ ಹೋದವು ನಿಜ. ಆದರೆ ಆ ಜಾಗದಲ್ಲಿ ಬಂದವು ಏನು ಕಡಿಮೆ? ಯುನ್ ಯುಹ್ ಜಂಗ್ ತಮ್ಮ 73ನೇ ವಯಸ್ಸಿನಲ್ಲಿ, ನಟನೆಗೆ ಆಸ್ಕರ್ ಪಡೆದ ಮೊದಲ ಕೊರಿಯನ್ ಕಲಾವಿದೆ ಆದರು. ಅದೂ ಲೆಕ್ಕಕ್ಕಿಲ್ಲವಾ? ಅಮೆರಿಕದಲ್ಲಿ ಸಮಾರಂಭ ನೋಡಿದವರು ಸುಮಾರು 1 ಕೋಟಿ. ಹಿಂದಿನ ವರ್ಷ 2 ಕೋಟಿ 36 ಲಕ್ಷ ಇದ್ದರು. ಸಿನಿಮಾ ನೋಡಿರದ ಜನ ಯಾರಿಗೋಸ್ಕರ ಚಪ್ಪಾಳೆ ತಟ್ಟಬೇಕು ಹೇಳಿ? ಆ ಸಂಜೆ ಸಿನಿಮಾ ತುಣುಕುಗಳನ್ನು ತೋರಿಸಿದ್ದೂ ತೀರಾ ಕಡಿಮೆ. ಮನೆಯಲ್ಲಿ ಕೂತವರಿಗೆ ಹೆಸರು, ಮತ್ತೆ ಹೆಸರು, ಅಷ್ಟೇ.

ಸಮಾರಂಭಕ್ಕೆ ಎರಡು ವಾರ ಇರುವಾಗ ಆರ್ಕ್‌ಲೈಟ್ ಅನ್ನುವ ಕಂಪನಿಯ ಥಿಯೇಟರ್‌ಗಳನ್ನು ಮತ್ತೆ ತೆರೆಯುವುದಿಲ್ಲ ಅಂತ ಘೋಷಣೆ ಬಂತು. ಹಾಲಿವುಡ್‌ನಲ್ಲಿರುವ, 1963ರಲ್ಲಿ ಶುರುವಾದ ಸಿನೆರಾಮಾ ಡೋಮ್ ಕೂಡ ಅದರಲ್ಲಿ ಸೇರಿತ್ತು. ಸಿನಿಮಾ ಊರಿನ ಎದೆಯ ಮೇಲೇ ಒಂದು ಹಾಲ್ ಸಾಯುತ್ತಿತ್ತು ಅಲ್ವಾ? ನನ್ನ ಕಣ್ಣಿಗೆ ಬಿದ್ದ ಆಸ್ಕರ್ ಮಾತಿನಲ್ಲಿ ಅದಕ್ಕೆ ಎರಡು ಸಾಲು ಸಿಕ್ಕಿತು. ಪೋಷಕ ನಟನ ವಿಭಾಗದಲ್ಲಿ ಯಾರು ಅನ್ನುವುದಕ್ಕೆ ಗಂಟೆಗಟ್ಟಲೆ ವಿಡಿಯೋ.

ನೊಮ್ಯಾಡ್‌ಲ್ಯಾಂಡ್‌ನ ನಾಯಕಿ ಮೆಕ್‌ಡಾರ್ಮಂಡ್ ಮಾತ್ರ ವೇದಿಕೆ ಮೇಲೆ ಹೇಳಬೇಕಾದದ್ದನ್ನು ಹೇಳಿದರು. ನಮ್ಮ ಸಿನಿಮಾವನ್ನು ಸಿಗುವ ಅತಿ ದೊಡ್ಡ ಪರದೆಯಲ್ಲಿ ನೋಡಿ, ಆದಷ್ಟು ಬೇಗ ನಿಮ್ಮವರನ್ನೆಲ್ಲ ಥಿಯೇಟರ್‌ಗೆ ಕರೆದುಕೊಂಡು ಹೋಗಿ, ಭುಜಕ್ಕೆ ಭುಜ ತಾಗಿಸಿ ಕತ್ತಲಲ್ಲಿ ಕೂತು ಇಲ್ಲಿರುವ ಪ್ರತಿ ಸಿನಿಮಾ ನೋಡಿ ಅಂತ ಕೇಳಿಕೊಂಡರು. ಆಮೇಲೆ ತೋಳದ ಹಾಗೆ ಊಳಿಟ್ಟರು. ಅದು ಮಾರ್ಚ್‌ನಲ್ಲಿ ತೀರಿಕೊಂಡ ಆ ಸಿನಿಮಾದ ಸೌಂಡ್ ಮಿಕ್ಸರ್ ಮೈಕಲ್ ವುಲ್ಫ್ ಸ್ನೈಡರ್ ನೆನಪಿಗೆ. ನಮ್ಮ ಗುಂಪಿನಲ್ಲಿ ಆ ಊಳಿನ ವಿಡಿಯೋ ಬಂತು, ಕೆಳಗೆ ನಗುವ ಮುಖಗಳು. ಯಾಕೆ ಊಳಿಟ್ಟರು ಅಂತ ಒಬ್ಬರೂ ಕೇಳಲಿಲ್ಲ. ಅವರು ಮಾಡಿದ ಬೇಡಿಕೆಯನ್ನೂ ಯಾರೂ ಎತ್ತಲಿಲ್ಲ. ಅದರ ಮುಂದಿನ ಮೆಸೇಜ್‌ನಲ್ಲಿ ಯಾರು ಎಷ್ಟು ಸರಿ ಹೇಳಿದರು ಅನ್ನುವ ಅಂಕಪಟ್ಟಿ ಇತ್ತು.

ನಾನು ಆ ಗುಂಪಿನಲ್ಲಿ ಬರೆದಿದ್ದೇನೆ. ಹಾಲ್‌ಗಳಿಗೆ ಧೈರ್ಯವಾಗಿ ಹೋಗುವಂತೆ ಆದ ದಿನ ನೊಮ್ಯಾಡ್‌ಲ್ಯಾಂಡ್ ಎಲ್ಲೇ ಹಾಕಿದ್ದರೂ ಟಿಕೆಟ್ ನನ್ನದು, ಬನ್ನಿ. ನೋಡಿ ಬಂದು ಬೈಯಿರಿ, ನಿದ್ದೆ ಬಂತು ಅನ್ನಿ, ಜಗಳ ಆಡಿ, ಎಲ್ಲಕ್ಕೂ ನಾನು ತಯಾರು. ಮುಂದಿನ ವರ್ಷದ ಪಟ್ಟಿ ಮಾತ್ರ ನನಗೆ ಕಳಿಸಬೇಡಿ. ಇಲ್ಲಿಯವರೆಗೆ ಒಬ್ಬರಿಂದಲೂ ಉತ್ತರ ಬಂದಿಲ್ಲ.